ಉಸಿರು ಹೊತ್ತು ಹೋದ ತಲ್ವಾರ್

ಮಕ್ಕಳೇ, ನಾವಿರುವ ಈ ಮನಾಮಾದ ಬಂದರಿಗೆ 2021ರ ಏಪ್ರಿಲ್ ಕೊನೆಯಲ್ಲಿ ಭಾರತದ ಒಂದು ಯುದ್ಧನೌಕೆ ಬಂದು ನಿಂತಿತ್ತು. ಹೆಸರು ಐಎನ್‌ಎಸ್ ತಲ್ವಾರ್. ತಲ್ವಾರ್ ಅಂದರೆ ಕತ್ತಿ. ಮಂಗಳೂರು ಕಡೆಯ ಅಜ್ಜಂದಿರ ಬಾಯಲ್ಲಿ ಅದೇ ತಲವಾರು. ಕ್ಷಿಪಣಿ ಹಾರಿಸಲು ಕಟ್ಟಿದ ಆ ಹಡಗು ಇಲ್ಲಿಂದ ಹೊತ್ತು ಹೋದದ್ದು ಎರಡು ದೊಡ್ಡ ಟ್ಯಾಂಕುಗಳನ್ನು. ಅವುಗಳೊಳಗೆ ಇದ್ದದ್ದು ದ್ರವರೂಪದ ಆಮ್ಲಜನಕ, ಅಂದರೆ ಉಸಿರು. ಮೇ 5ರಂದು ಅದು ತಲುಪಿದ್ದು ಬೇರೆಲ್ಲಿಗೂ ಅಲ್ಲ, ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ.

ನಿಮ್ಮಲ್ಲಿ ಕೆಲವರು ಆಗ ತೊಟ್ಟಿಲಲ್ಲಿದ್ದಿರಿ. ದೊಡ್ಡವರಿಗೆ ನೆನಪಿರಬಹುದು, ಶಾಲೆ ಮನೆಯೊಳಗೇ, ಪರದೆಯ ಮುಂದೆ ನಡೆಯುತ್ತಿತ್ತು. ಅದು ಕೋವಿಡ್‌ನ ಎರಡನೇ ಅಲೆಯ ಹೊತ್ತು. ರೋಗ ಶ್ವಾಸಕೋಶಕ್ಕೆ ಇಳಿದರೆ ಮನುಷ್ಯನಿಗೆ ಗಾಳಿಯಲ್ಲಿರುವಷ್ಟು ಆಮ್ಲಜನಕ ಸಾಲುತ್ತಿರಲಿಲ್ಲ, ಸಿಲಿಂಡರಿನಿಂದ ಕೊಡಬೇಕಿತ್ತು. ಒಂದೇ ಸಮಯಕ್ಕೆ ಲಕ್ಷಾಂತರ ಜನರಿಗೆ ಹೀಗಾದಾಗ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿಯತೊಡಗಿತು. ತಲ್ವಾರ್ ಇನ್ನೂ ಸಮುದ್ರದಲ್ಲಿರುವಾಗಲೇ, ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ತೀರಿಕೊಂಡರು. ಆ ವಾರ ಊರಿನಿಂದ ಫೋನ್ ಬಂದರೆ ಎತ್ತಲು ನನಗೆ ಕೈ ನಡುಗುತ್ತಿತ್ತು. ಇಲ್ಲಿರುವ ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ಅಷ್ಟು ಅವಸರವಿದ್ದ ಮೇಲೆ ವಿಮಾನದಲ್ಲೇ ಕಳಿಸಬಹುದಿತ್ತಲ್ಲ, ಹಡಗು ಏಕೆ? ಒಳ್ಳೆಯ ಪ್ರಶ್ನೆ. ಆಮ್ಲಜನಕವನ್ನು ಸೊನ್ನೆಗಿಂತ 183 ಡಿಗ್ರಿ ಕೆಳಗೆ ತಣಿಸಿದರೆ ಅದು ನೀರಿನಂತೆ ದ್ರವವಾಗುತ್ತದೆ. ಆ ದ್ರವದ ಒಂದು ಲೀಟರ್ ಬಿಸಿಯಾಗಿ ಮತ್ತೆ ಅನಿಲವಾದರೆ 800 ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಅದನ್ನು ಎರಡು ಗೋಡೆಯ ಟ್ಯಾಂಕಿನಲ್ಲಿ ಇಡುತ್ತಾರೆ. ನಡುವೆ ಗಾಳಿಯೇ ಇಲ್ಲದ ಜಾಗ. ಅಮ್ಮ ಚಹಾ ತುಂಬಿಡುವ ಫ್ಲಾಸ್ಕ್ ಇದೆಯಲ್ಲ, ಅದೇ ಉಪಾಯ. ಎಷ್ಟು ಜೋಪಾನ ಮಾಡಿದರೂ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಆಮ್ಲಜನಕ ಹೆಚ್ಚಾದ ಕಡೆ ಒಂದು ಕಿಡಿ ಬಿದ್ದರೂ ಬೆಂಕಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕನ್ನು ವಿಮಾನದ ಹೊಟ್ಟೆಯಲ್ಲಿ ಇಟ್ಟುಕೊಂಡು ಹಾರುವುದು ಅಪಾಯ. ಅದಕ್ಕೇ ವಾಯುಪಡೆ ಖಾಲಿ ಟ್ಯಾಂಕುಗಳನ್ನು ಹೊತ್ತು ಹಾರಿತು. ಸಿ-17 ಎಂಬ ದೈತ್ಯ ವಿಮಾನಗಳು ಸಿಂಗಪುರದಿಂದ ಖಾಲಿ ಟ್ಯಾಂಕುಗಳನ್ನು ತಂದು ಬಂಗಾಳದ ಪಾನಾಗಢದಲ್ಲಿ ಇಳಿಸಿದವು. ದೇಶದೊಳಗೂ ಖಾಲಿ ಟ್ಯಾಂಕು ಆಮ್ಲಜನಕ ತುಂಬುವ ಕಾರ್ಖಾನೆ ತಲುಪಲು ರಸ್ತೆಯಲ್ಲಿ ದಿನಗಟ್ಟಲೆ ಬೇಕಿತ್ತು; ಆಕಾಶದಲ್ಲಿ ಕೆಲವೇ ಗಂಟೆ ಸಾಕಾಯಿತು. ತುಂಬಿದ ಮೇಲೆ ಅವು ರೈಲಿನಲ್ಲಿ, ಲಾರಿಯಲ್ಲಿ ಹೊರಟವು. ಜಮ್‌ಶೆಡ್‌ಪುರದಿಂದ ಅಂಥ ಮೊದಲ ರೈಲು ಬೆಂಗಳೂರಿನ ವೈಟ್‌ಫೀಲ್ಡಿಗೆ ಮೇ 11ರಂದು ಬಂತು, 120 ಟನ್ ಆಮ್ಲಜನಕ ಹೊತ್ತು. ಕಡಲಾಚೆ ಕೊಲ್ಲಿ ದೇಶಗಳಿಂದ ತುಂಬಿದ ಟ್ಯಾಂಕು ತರಲು ಹಡಗೇ ಆಗಬೇಕಿತ್ತು. ತಲ್ವಾರ್ ನಂತರ ಕೋಲ್ಕತ್ತಾ, ಕೊಚ್ಚಿ, ತಬರ್ ಹೆಸರಿನ ಯುದ್ಧನೌಕೆಗಳು ಕುವೈತಿನಿಂದ ಅದೇ ಮಂಗಳೂರಿಗೆ ಬಂದವು. ಈ ಕೆಲಸಕ್ಕೆ ನೌಕಾಪಡೆ ಇಟ್ಟ ಹೆಸರು ಸಮುದ್ರ ಸೇತು. ಸೇತು ಅಂದರೆ ಸೇತುವೆ.

ಇದು ಎರಡನೇ ಸೇತುವೆ. ಮೊದಲನೆಯದನ್ನು ಒಂದು ವರ್ಷ ಮುಂಚೆ, 2020ರ ಮೇ ತಿಂಗಳಲ್ಲಿ ಕಟ್ಟಿದ್ದರು. ವಿಮಾನಗಳೆಲ್ಲ ನಿಂತುಹೋಗಿ ಜನ ಪರದೇಶಗಳಲ್ಲಿ ಸಿಕ್ಕಿಬಿದ್ದಿದ್ದರು. ಕೆಲಸ ಹೋಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಐಎನ್‌ಎಸ್ ಜಲಾಶ್ವ ಮಾಲ್ಡೀವ್ಸ್‌ನ ಮಾಲೆಯಿಂದ ಮೊದಲ ಸಲ 698 ಜನರನ್ನು ಹತ್ತಿಸಿಕೊಂಡು ಮೇ 10ರಂದು ಕೊಚ್ಚಿ ಮುಟ್ಟಿತು. ಅವರಲ್ಲಿ 19 ಮಂದಿ ಬಸುರಿ ಹೆಂಗಸರು. ಮಾಲೆ, ಕೊಲಂಬೊ, ಇರಾನಿನ ಬಂದರ್ ಅಬ್ಬಾಸ್ ಎಂದು 55 ದಿನ ಓಡಾಡಿ ನೌಕಾಪಡೆಯ ಹಡಗುಗಳು ಒಟ್ಟು 3,992 ಜನರನ್ನು ಮನೆ ಮುಟ್ಟಿಸಿದವು. ದೂರದ ಊರಲ್ಲಿ ದುಡಿಯುವ ನಮ್ಮಂಥವರಿಗೆ ಈ ಲೆಕ್ಕದ ತೂಕ ಚೆನ್ನಾಗಿ ಗೊತ್ತು.

ಈಗ ನಿಮಗೆ ಒಬ್ಬರ ಪರಿಚಯ ಮಾಡಿಸಬೇಕು. ಲೆಫ್ಟಿನೆಂಟ್ ಜನರಲ್ ಮಾಧುರಿ ಕಾನಿಟ್ಕರ್. ಹುಟ್ಟಿದ್ದು 1960ರಲ್ಲಿ, ನಮ್ಮ ಧಾರವಾಡದಲ್ಲಿ. ಓದಿದ್ದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ. ಸೈನ್ಯಕ್ಕೆ ಸೇರಿದರು, ಆದರೆ ಅವರ ಕೈಯಲ್ಲಿದ್ದದ್ದು ಸ್ಟೆತಾಸ್ಕೋಪು. ಅವರು ಮಕ್ಕಳ ಡಾಕ್ಟರು. ಅದರಲ್ಲೂ ಮಕ್ಕಳ ಮೂತ್ರಪಿಂಡದ ಕಾಯಿಲೆಗಳಲ್ಲಿ ಪರಿಣತರು. 2020ರ ಫೆಬ್ರವರಿ 29ರಂದು ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದರು. ಭಾರತದ ಸೇನಾಪಡೆಗಳಲ್ಲಿ ಮೂರು ನಕ್ಷತ್ರದ ಆ ಎತ್ತರಕ್ಕೆ ಏರಿದ ಮೂರನೆಯ ಮಹಿಳೆ ಅವರು. ಅವರಿಗಿಂತ ಮುಂಚಿನ ಇಬ್ಬರು, ಪುನೀತಾ ಅರೋರಾ ಮತ್ತು ಪದ್ಮಾ ಬಂದೋಪಾಧ್ಯಾಯ, ಅವರೂ ವೈದ್ಯರೇ! ಇನ್ನೊಂದು ಸಂಗತಿ, ಮಾಧುರಿಯವರ ಪತಿಯೂ ಸೈನ್ಯದಲ್ಲಿ ಲೆಫ್ಟಿನೆಂಟ್ ಜನರಲ್ ಆಗಿದ್ದವರು.

ಹೊಸ ಹುದ್ದೆಯಲ್ಲಿ ಅವರ ಕೆಲಸ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ವೈದ್ಯಕೀಯ ಸೇವೆಗಳನ್ನು ಜೊತೆಗೂಡಿಸುವುದಾಗಿತ್ತು. ಆ ಕುರ್ಚಿಯಲ್ಲಿ ಕೂತು ಒಂದು ತಿಂಗಳೂ ಆಗಿರಲಿಲ್ಲ, ಇಡೀ ದೇಶಕ್ಕೆ ಬೀಗ ಬಿತ್ತು. ಕೋವಿಡ್ ಕಾಲದಲ್ಲಿ ಸೈನ್ಯದ ಆಸ್ಪತ್ರೆಗಳು ಊರ ಜನಕ್ಕೂ ಬಾಗಿಲು ತೆರೆದವು. ದಿಲ್ಲಿಯಲ್ಲಿ 12 ದಿನದಲ್ಲಿ ಎದ್ದುನಿಂತ 1,000 ಹಾಸಿಗೆಯ ಆಸ್ಪತ್ರೆಯನ್ನು ಸೇನೆಯ ಡಾಕ್ಟರುಗಳೇ ನಡೆಸಿದರು. ಎರಡನೇ ಅಲೆಯಲ್ಲಿ, ಹಿಂದಿನ ಎರಡು ವರ್ಷಗಳಲ್ಲಿ ನಿವೃತ್ತರಾಗಿದ್ದ ಸೇನಾ ವೈದ್ಯರನ್ನೂ ಮತ್ತೆ ಕೆಲಸಕ್ಕೆ ಕರೆದರು. ನಮ್ಮ ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಚ್‌ಎಸ್ ಪತಂಜಲಿ ಎಂಬ ಆಸ್ಪತ್ರೆ ಇದೆ. 2020ರ ಮೊದಲ ದಿನಗಳಲ್ಲಿ, ಈ ರೋಗವೆಂದರೆ ಎಲ್ಲರೂ ನಡುಗುತ್ತಿದ್ದಾಗ, ಆ ಆಸ್ಪತ್ರೆ 24 ಗಂಟೆಯಲ್ಲಿ ಸಜ್ಜಾಗಿ ಉತ್ತರ ಕನ್ನಡ ಜಿಲ್ಲೆಯ ರೋಗಿಗಳನ್ನು ಒಳಗೆ ಕರೆದುಕೊಂಡಿತು.  ಉತ್ತರ ಕನ್ನಡದವರು ನಮ್ಮ ಕೂಟದಲ್ಲಿ ಬಹಳ ಮಂದಿ ಇದ್ದೀರಿ; ಈ ಮಾತು ನಿಮಗೆ ತಿಳಿದಿರಲಿ ಎಂದೇ ಬರೆಯುತ್ತಿದ್ದೇನೆ.

ಮಾಧುರಿಯವರು ಓದಿದ ಪುಣೆಗೆ ಇನ್ನೊಂದು ಕಥೆಯಿದೆ. ಸಂತೋಷದ ಕಥೆಯಲ್ಲ, ಆದರೆ ನಿಮಗೆ ಹೇಳದೆ ಬಿಡಲು ಮನಸ್ಸಿಲ್ಲ. 1897ರಲ್ಲಿ ಅಲ್ಲಿ ಪ್ಲೇಗ್ ಬಂತು. ಆಳುತ್ತಿದ್ದ ಬ್ರಿಟಿಷರು ರೋಗಿಗಳನ್ನು ಹುಡುಕಲು ಸೈನಿಕರನ್ನು ಬಿಟ್ಟರು. ಅವರು ಬೂಟುಗಾಲಲ್ಲಿ ಮನೆಮನೆಗೆ ನುಗ್ಗಿದರು. ಅಡುಗೆಮನೆ, ದೇವರಮನೆ ಎಂದು ನೋಡಲಿಲ್ಲ. ಸಾಮಾನುಗಳನ್ನು ಬೀದಿಗೆ ತಂದು ಸುಟ್ಟರು. ಮನೆಯವರನ್ನು ಎಳೆದುಕೊಂಡು ಹೋದರು. ಜನ ರೋಗಕ್ಕಿಂತ ಸೈನಿಕರಿಗೇ ಹೆಚ್ಚು ಹೆದರಿ, ಕಾಯಿಲೆಯವರನ್ನು ಬಚ್ಚಿಟ್ಟರು. ಆ ಸಿಟ್ಟು ಕೊನೆಗೆ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯವರೆಗೂ ಹೋಯಿತು. ಅಂದಿನ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಹುಬ್ಬಳ್ಳಿಯನ್ನೂ ಅದೇ ಪ್ಲೇಗ್ ಮರುವರ್ಷ ಬಹಳ ಕಾಡಿತು.

ಎರಡೂ ಕಡೆ ಸಮವಸ್ತ್ರದವರೇ, ಎರಡೂ ಕಡೆ ಸಾಂಕ್ರಾಮಿಕ ರೋಗವೇ. ವ್ಯತ್ಯಾಸ ಎಲ್ಲಿ? ನನಗೆ ತೋಚುವುದು ಇಷ್ಟು. 1897ರಲ್ಲಿ ಸೈನಿಕರು ಜನರ ಮೇಲೆ ಬಂದರು. ನಮ್ಮ ಕಾಲದಲ್ಲಿ ಜನರಿಗಾಗಿ ಬಂದರು. ಜಿಲ್ಲಾಡಳಿತ ಕರೆದಾಗ ಬಂದರು, ಹಳ್ಳಿಯ ಆಶಾ ಕಾರ್ಯಕರ್ತೆ, ಸರ್ಕಾರಿ ಆಸ್ಪತ್ರೆಯ ನರ್ಸು, ಆಂಬುಲೆನ್ಸಿನ ಚಾಲಕ ಇವರೆಲ್ಲರ ಪಕ್ಕದಲ್ಲಿ ನಿಂತರು. ರೋಗವನ್ನು ಗೆಲ್ಲಲು ಸೈನ್ಯ ಒಂದೇ ಸಾಕಾಗುತ್ತಿರಲಿಲ್ಲ. ಚುಚ್ಚುಮದ್ದು ಕೊಟ್ಟವರು, ಬಿಸಿಲಲ್ಲಿ ಮನೆಮನೆ ಸುತ್ತಿದವರು ನಮ್ಮ ಊರಿನ ಹೆಣ್ಣುಮಕ್ಕಳೇ. ಸೈನ್ಯದ ಹತ್ತಿರ ಇದ್ದದ್ದು ಬೇರೆ: ದೊಡ್ಡ ವಿಮಾನ, ದೊಡ್ಡ ಹಡಗು, ಹೇಳಿದ ಗಂಟೆಗೆ ಹೊರಡಬಲ್ಲ ಜನ. ಅದನ್ನು ಅವರು ಕೊಟ್ಟರು.

ಬೆಂಗಳೂರಿನ ಒಂದು ಪ್ರಯೋಗಾಲಯದ ಮಾತನ್ನೂ ಸೇರಿಸಬೇಕು. ತೇಜಸ್ ಯುದ್ಧವಿಮಾನ ಎತ್ತರಕ್ಕೆ ಹಾರಿದಾಗ ಗಾಳಿ ತೆಳುವಾಗುತ್ತದೆ, ಪೈಲಟ್‌ಗೆ ಉಸಿರು ಬೇಕು. ಅದಕ್ಕಾಗಿ ಹೊರಗಿನ ಗಾಳಿಯಿಂದ ಸಾರಜನಕವನ್ನು ಸೋಸಿ ತೆಗೆದು ಆಮ್ಲಜನಕ ಉಳಿಸಿಕೊಡುವ ಉಪಕರಣವನ್ನು, ಸೇನೆಗಾಗಿ ಸಂಶೋಧನೆ ಮಾಡುವ ಡಿಆರ್‌ಡಿಒ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯ ಮಾಡಿತ್ತು. ಒಬ್ಬ ಪೈಲಟ್‌ಗೆ ಉಸಿರು ಕೊಡುವ ಯಂತ್ರ ಆಸ್ಪತ್ರೆಗೂ ಕೊಡಬಾರದೇಕೆ ಎಂದು ಅವರು ಯೋಚಿಸಿದರು. ಅದೇ ವಿದ್ಯೆಯಿಂದ, ನಿಮಿಷಕ್ಕೆ 1,000 ಲೀಟರ್ ಆಮ್ಲಜನಕ ತಯಾರಿಸುವ ಘಟಕಗಳು ದೇಶದ ಆಸ್ಪತ್ರೆಗಳ ಅಂಗಳದಲ್ಲಿ ನಿಂತವು. ಅಂಥ ಆಸ್ಪತ್ರೆ ಟ್ಯಾಂಕರಿನ ದಾರಿ ಕಾಯಬೇಕಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಈ ಬೇಸಿಗೆ ರಜೆಯಲ್ಲಿ ನೀವು ಊರಿಗೆ ಹೋಗುತ್ತೀರಿ. ಪಣಂಬೂರು ಕಡಲತೀರಕ್ಕೆ ಹೋಗದ ಮಂಗಳೂರು ರಜೆ ಉಂಟೇ? ಅಲ್ಲಿ ನಿಂತರೆ ಪಕ್ಕದಲ್ಲೇ ಬಂದರಿನ ಹಡಗುಗಳು ಕಾಣುತ್ತವೆ. ತಲ್ವಾರ್ ಬಂದದ್ದು ಅಲ್ಲಿಗೇ, ನಮ್ಮ ಮನಾಮಾದಿಂದ. ಸಂಜೆ ಮನೆಗೆ ಬಂದ ಮೇಲೆ ಅಜ್ಜ ಅಜ್ಜಿಯ ಹತ್ತಿರ ಕುಳಿತು, 2021ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಎಂದು ಕೇಳಿ. ಯಾರಿಗೆ ಜ್ವರ ಬಂತು, ಯಾರು ಔಷಧಿ ತಂದುಕೊಟ್ಟರು, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು, ಯಾರು ಮರಳಿ ಬರಲಿಲ್ಲ, ಎಲ್ಲವನ್ನೂ ಕೇಳಿ. ಅವರು ಹೇಳಿದ್ದನ್ನು ನಿಮ್ಮ ಕನ್ನಡದಲ್ಲಿ, ತಪ್ಪಾದರೂ ಚಿಂತೆಯಿಲ್ಲ, ಒಂದು ಪುಟ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇವೆ.