ಸರ್ ಹ್ಯಾರಿ ರಿಕಾರ್ಡೊ

ಹ್ಯಾರಿ ರಿಕಾರ್ಡೊ ಅವರು 1885ನೆಯ ಇಸವಿ ಜನವರಿ 26ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ವಾಸ್ತುಶಿಲ್ಪಿ. ರಿಕಾರ್ಡೊ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1904ರಲ್ಲಿ, ಕಾಲು ಗ್ಯಾಲನ್ ಪೆಟ್ರೋಲಿನಿಂದ ಅತಿ ಹೆಚ್ಚು ದೂರ ಸಾಗುವ ಸ್ಪರ್ಧೆಯೊಂದು ಏರ್ಪಟ್ಟಿತು. ತಾವೇ ರೂಪಿಸಿದ ಮೋಟಾರು ಸೈಕಲ್ಲಿನ ಮೇಲೆ 40 ಮೈಲಿ ಕ್ರಮಿಸಿ ಅವರು ಗೆದ್ದರು. ಪ್ರಾಧ್ಯಾಪಕ ಹಾಪ್ಕಿನ್ಸನ್ನರು ಈ ತರುಣನನ್ನು ಎಂಜಿನ್ನುಗಳ ಸಂಶೋಧನೆಗೆ ಸೇರಿಸಿಕೊಂಡರು.

ಪಿಸ್ಟನ್ ಸಿಲಿಂಡರಿನ ಮೇಲ್ತುದಿಗೆ ಬಂದಾಗಲೂ ಅದರ ಮೇಲೆ ಸ್ವಲ್ಪ ಅವಕಾಶ ಉಳಿದಿರುತ್ತದೆ. ಅದೇ ದಹನಕೊಠಡಿ. ಅದರ ಆಕಾರ ಡೊಂಕುಡೊಂಕಾದುದರಿಂದ ಅಳತೆಪಟ್ಟಿಗೆ ಸಿಕ್ಕುವುದಿಲ್ಲ. ಪಂದ್ಯದ ಎಂಜಿನ್ ಕಟ್ಟುವವರು ಬ್ಯೂರೆಟ್ಟಿನಿಂದ ದ್ರವವನ್ನು ತುಂಬಿ, ಕೊಠಡಿ ಎಷ್ಟು ಹಿಡಿಯಿತೆಂದು ನೋಡುತ್ತಾರೆ. ಎಲ್ಲ ಸಿಲಿಂಡರುಗಳ ಅಳತೆಯೂ ಒಂದಾಗುವವರೆಗೆ ಲೋಹವನ್ನು ತುಸುತುಸುವೇ ಉಜ್ಜುತ್ತಾರೆ. ತಾಳ್ಮೆ ಬೇಡುವ ಕೆಲಸವಿದು. ಪಿಸ್ಟನ್ ಚಲಿಸುವ ಭಾಗದ ಗಾತ್ರ 500 ಘನ ಸೆಂಟಿಮೀಟರ್, ಕೊಠಡಿಯದು 125 ಆಗಿದ್ದರೆ, ಒಟ್ಟು 625ನ್ನು 125ರಿಂದ ಭಾಗಿಸಬೇಕು. ದೊರೆಯುವ 5ಕ್ಕೆ ಸಂಪೀಡನ ಅನುಪಾತವೆಂದು ಹೆಸರು. ಕೊಠಡಿಯನ್ನು 100ಕ್ಕೆ ಕುಗ್ಗಿಸಿದರೆ ಅನುಪಾತ 6ಕ್ಕೇರುತ್ತದೆ. ಅದೇ ಇಂಧನದಿಂದ ಹೆಚ್ಚು ಶಕ್ತಿ ಒದಗುತ್ತದೆ.

ಆದರೆ ಅನುಪಾತ ಮಿತಿಮೀರಿದರೆ ಸುತ್ತಿಗೆಯಿಂದ ಹೊಡೆದಂತಹ ಬಡಿತ ಕೇಳಿಸುತ್ತದೆ. ಪಿಸ್ಟನ್ನಿಗೆ ತೂತು ಬೀಳುವುದೂ ಉಂಟು. ಕಿಡಿಗೆ ಮೊದಲೇ ಇಂಧನ ಹೊತ್ತಿಕೊಳ್ಳುವುದರಿಂದ ಹೀಗಾಗುತ್ತದೆಂದು ಹಲವರು ನಂಬಿದ್ದರು. ರಿಕಾರ್ಡೊ ಒಪ್ಪಲಿಲ್ಲ. ಕಿಡಿ ಹಾರಿದ ಮೇಲೆ, ಜ್ವಾಲೆ ಇನ್ನೂ ತಲಪದ ಮೂಲೆಯ ಅನಿಲವು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ತಾನಾಗಿ ಸಿಡಿಯುತ್ತದೆಂಬುದನ್ನು ಅವರು ಕಂಡುಕೊಂಡರು.

1917ರಲ್ಲಿ ಅವರು ಯುದ್ಧದ ಟ್ಯಾಂಕುಗಳಿಗೆ 150 ಅಶ್ವಶಕ್ತಿಯ ಎಂಜಿನ್ನನ್ನು ರೂಪಿಸಿಕೊಟ್ಟರು. ಯುದ್ಧಾನಂತರ ಷೋರ್‌ಹ್ಯಾಮ್‌ನಲ್ಲಿ ಪ್ರಯೋಗಶಾಲೆಯನ್ನು ತೆರೆದರು. ಅಲ್ಲಿಯ ಇ-35 ಎಂಬ ಎಂಜಿನ್ ಅಪೂರ್ವವಾದುದು. ಅದು ಓಡುತ್ತಿರುವಾಗಲೇ ಸಿಲಿಂಡರನ್ನು ಏರಿಸಿ ಇಳಿಸಿ ಅನುಪಾತವನ್ನು ಬದಲಾಯಿಸಬಹುದಾಗಿತ್ತು. ಒಂದೊಂದು ಇಂಧನವನ್ನೂ ಹಾಕಿ, ಬಡಿತ ಕೇಳುವವರೆಗೆ ಅನುಪಾತವನ್ನು ಹೆಚ್ಚಿಸಿ, ಆ ಅಂಕಿಯನ್ನು ಬರೆದಿಟ್ಟರು. ಬೆಂಜೀನ್, ಟಾಲೂಯಿನ್, ಆಲ್ಕೊಹಾಲ್‌ಗಳು ಬಹುವಾಗಿ ತಡೆದುಕೊಂಡವು. ಸಾಂದ್ರತೆ ಹೆಚ್ಚೆಂಬ ಕಾರಣಕ್ಕೆ ಹಿಂದೆ ವ್ಯರ್ಥವಾಗಿ ಸುಟ್ಟುಬಿಡುತ್ತಿದ್ದ ಬೋರ್ನಿಯೊ ದ್ವೀಪದ ಪೆಟ್ರೋಲಿನ ಗುಣವನ್ನು ಲೋಕಕ್ಕೆ ತಿಳಿಸಿದವರೂ ಅವರೇ.

ಕೊಠಡಿಯ ಆಕಾರದ ಕಡೆಗೂ ಅವರ ಗಮನ ಹರಿಯಿತು. ಕವಾಟಗಳು ಪಕ್ಕದಲ್ಲಿರುವ ಅಗ್ಗದ ಎಂಜಿನ್ನುಗಳಲ್ಲಿ ಕೊಠಡಿ ಚಪ್ಪಟೆಯಾಗಿ ಹರಡಿಕೊಂಡಿತ್ತು. ಜ್ವಾಲೆ ಬಹುದೂರ ಸಾಗಬೇಕಿತ್ತು. ರಿಕಾರ್ಡೊ ಅದನ್ನು ಕವಾಟಗಳ ಮೇಲಕ್ಕೆ ಒತ್ತರಿಸಿ, ಪಿಸ್ಟನ್ನಿನ ಮೇಲೆ ತೆಳುವಾದ ಸಂದನ್ನಷ್ಟೇ ಉಳಿಸಿದರು. ಅಲ್ಲಿಂದ ಹಿಂಡಲ್ಪಟ್ಟ ಅನಿಲ ಸುಳಿಸುಳಿಯಾಗಿ ನುಗ್ಗಿ ಬೇಗನೆ ಉರಿಯಿತು. ಬಡಿತವಿಲ್ಲದೆ ಅನುಪಾತವನ್ನು ಏರಿಸುವುದು ಸಾಧ್ಯವಾಯಿತು.

ಅವರು ವಿನ್ಯಾಸಗೊಳಿಸಿದ ನಾಲ್ಕು ಕವಾಟಗಳ ಟ್ರಯಂಫ್ ಮೋಟಾರು ಸೈಕಲ್ 1922ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಹಿರಿಯ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆಯಿತು. 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1948ರಲ್ಲಿ ಸರ್ ಪದವಿಯೂ ಅವರಿಗೆ ಸಂದವು. 1974ನೆಯ ಇಸವಿ ಮೇ 18ರಂದು, ತಮ್ಮ 89ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.