ಎಳೆಯರ ಸಮಾಜ ಪಾಠಕ್ಕೆ ದಾರಿ ತೋರಿದ ಜೋಹಾನ್ ಹೆನ್ರಿಕ್ ಪೆಸ್ಟಾಲಜಿ (1746–1827)

ಪೀಠಿಕೆ

ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಸಮಾಜ ಪರಿಚಯದ ಪಾಠವು ದೇಶ ಮತ್ತು ರಾಜಧಾನಿಗಳ ಹೆಸರುಗಳಿಂದ ಆರಂಭವಾಗುವುದಿಲ್ಲ. ಮಗುವಿನ ಮನೆ, ಬೀದಿ, ಕೆರೆ, ಸಂತೆ, ಅಂಚೆ ಕಚೇರಿ ಇವುಗಳಿಂದ ಆರಂಭವಾಗುತ್ತದೆ. ಮಕ್ಕಳ ದಾಖಲಾತಿಗಾಗಿ ಅಥವಾ ಶಿಕ್ಷಕ ತರಬೇತಿಯ ಪ್ರವೇಶಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಕೆಲವರಿಗೆ ಈ ಕ್ರಮವು ಕಾಲಹರಣವೆಂದು ತೋರಬಹುದು. ಇದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರಾದ ಸ್ವಿಟ್ಜರ್ಲೆಂಡಿನ ಶಿಕ್ಷಣ ತಜ್ಞ ಪೆಸ್ಟಾಲಜಿಯವರ ಜೀವನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಪೆಸ್ಟಾಲಜಿಯವರು 1746ರ ಜನವರಿ 12ರಂದು ಜೂರಿಚ್ ನಗರದಲ್ಲಿ ಜನಿಸಿದರು. ಶಸ್ತ್ರವೈದ್ಯರಾಗಿದ್ದ ತಂದೆಯನ್ನು ಐದನೆಯ ವಯಸ್ಸಿನಲ್ಲಿಯೇ ಕಳೆದುಕೊಂಡರು. ತಾಯಿ ಮತ್ತು ನಿಷ್ಠಾವಂತ ಸೇವಕಿಯೊಬ್ಬಳ ಆರೈಕೆಯಲ್ಲಿ ಬೆಳೆದರು. ಅವರ ಅಜ್ಜ ಹೋಂಗ್ ಎಂಬ ಗ್ರಾಮದಲ್ಲಿ ಪಾದ್ರಿಯಾಗಿದ್ದರು. ಅಜ್ಜನೊಂದಿಗೆ ಬಡವರ ಮನೆಗಳಿಗೆ ಭೇಟಿ ನೀಡುತ್ತಿದ್ದ ಬಾಲಕನಿಗೆ, ನಗರದ ಅನುಕೂಲಸ್ಥರ ಬದುಕಿಗೂ ಹಳ್ಳಿಯವರ ಬದುಕಿಗೂ ಇರುವ ಅಂತರವು ಕಣ್ಣಾರೆ ತಿಳಿಯಿತು. 1762ರಲ್ಲಿ ಪ್ರಕಟವಾದ ರೂಸೋ ಅವರ 'ಎಮಿಲಿ' ಗ್ರಂಥವು ಅವರ ಮೇಲೆ ಗಾಢವಾದ ಪ್ರಭಾವ ಬೀರಿತು.

ನಾಯ್‌ಹೋಫ್‌ನ ಪ್ರಯೋಗ

1769ರಲ್ಲಿ ಅನ್ನಾ ಶುಲ್ತೆಸ್ ಅವರೊಂದಿಗೆ ವಿವಾಹವಾಯಿತು. ಬಳಿಕ ಬಿರ್ ಗ್ರಾಮದ ಸಮೀಪ ಜಮೀನು ಖರೀದಿಸಿ ನಾಯ್‌ಹೋಫ್ ಎಂಬ ಕೃಷಿಕ್ಷೇತ್ರವನ್ನು ಸ್ಥಾಪಿಸಿದರು. ಬೇಸಾಯವು ಕೈಹಿಡಿಯಲಿಲ್ಲ. ಆದರೂ 1774ರಲ್ಲಿ ಅಲ್ಲಿಯೇ ಬಡ ಮಕ್ಕಳಿಗಾಗಿ ಆಶ್ರಮವೊಂದನ್ನು ತೆರೆದರು. ಮಕ್ಕಳು ಹತ್ತಿಯ ನೂಲು ತೆಗೆಯುತ್ತಾ, ನೇಯುತ್ತಾ, ಜೊತೆಯಲ್ಲಿಯೇ ಪಾಠ ಕಲಿಯಬೇಕೆಂಬುದು ಯೋಜನೆಯಾಗಿತ್ತು. ಮಕ್ಕಳ ದುಡಿಮೆಯ ಆದಾಯವು ಅವರ ಊಟ ಮತ್ತು ಬಟ್ಟೆಯ ವೆಚ್ಚವನ್ನು ಸರಿದೂಗಿಸುವುದೆಂಬ ಅವರ ಲೆಕ್ಕಾಚಾರವು ತಪ್ಪಾಯಿತು. ಹೊಸ ಬಟ್ಟೆ ದೊರೆತೊಡನೆ ಮಕ್ಕಳನ್ನು ಮರಳಿ ಕರೆದೊಯ್ದ ಪೋಷಕರೂ ಇದ್ದರು. ಪತ್ನಿಯ ಸಂಪತ್ತಿನ ಬಹುಭಾಗವು ಕರಗಿ, 1780ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು. ಅನಂತರದ ವರ್ಷಗಳಲ್ಲಿ ಅವರು ಬರವಣಿಗೆಯಲ್ಲಿ ತೊಡಗಿದರು. 1781ರಿಂದ ಪ್ರಕಟವಾದ 'ಲಿಯೊನಾರ್ಡ್ ಮತ್ತು ಗೆರ್ಟ್ರೂಡ್' ಕಾದಂಬರಿಯು ಅವರಿಗೆ ಕೀರ್ತಿ ತಂದಿತು.

ಸ್ಟಾನ್ಸ್‌ನ ಅನಾಥ ಮಕ್ಕಳು

1798ರಲ್ಲಿ ಫ್ರೆಂಚ್ ಸೈನ್ಯದ ದಾಳಿಯಿಂದ ಸ್ಟಾನ್ಸ್ ಪ್ರದೇಶದ ಅನೇಕ ಮಕ್ಕಳು ಅನಾಥರಾದರು. ಸರ್ಕಾರವು ಅವರ ಪಾಲನೆಯ ಹೊಣೆಯನ್ನು 52 ವರ್ಷದ ಪೆಸ್ಟಾಲಜಿಯವರಿಗೆ ವಹಿಸಿತು. ಕ್ರೈಸ್ತ ಸನ್ಯಾಸಿನಿಯರ ಮಠದ ಕಟ್ಟಡದಲ್ಲಿ ಸುಮಾರು 80 ಮಕ್ಕಳು ಆಶ್ರಯ ಪಡೆದರು. ಸಹಶಿಕ್ಷಕರಿರಲಿಲ್ಲ. ಪೆಸ್ಟಾಲಜಿಯವರು ಮಕ್ಕಳೊಂದಿಗೆ ಉಂಡು, ಅವರ ನಡುವೆಯೇ ಮಲಗಿ ಪಾಠ ಹೇಳಿದರು.

1799ರ ಏಪ್ರಿಲ್‌ನಲ್ಲಿ ಆಲ್ಟ್‌ಡಾರ್ಫ್ ಪಟ್ಟಣವು ಬೆಂಕಿಗೆ ಆಹುತಿಯಾಯಿತು. ಅಲ್ಲಿ ನಿರ್ಗತಿಕರಾದ ಸುಮಾರು 20 ಮಕ್ಕಳನ್ನು ನಮ್ಮೊಡನೆ ಸೇರಿಸಿಕೊಳ್ಳೋಣವೇ ಎಂದು ಪೆಸ್ಟಾಲಜಿಯವರು ತಮ್ಮ ಮಕ್ಕಳನ್ನು ಕೇಳಿದರು. ಮಕ್ಕಳು ಉತ್ಸಾಹದಿಂದ ಒಪ್ಪಿದರು. ಅವರು ಅಷ್ಟಕ್ಕೇ ಬಿಡದೆ, ಊಟದ ಪಾಲು ಕಡಿಮೆಯಾಗುವುದು, ಕೆಲಸ ಹೆಚ್ಚುವುದು, ಬಟ್ಟೆಯನ್ನೂ ಹಂಚಿಕೊಳ್ಳಬೇಕಾಗುವುದು ಎಂದು ವಿವರಿಸಿ ಮತ್ತೊಮ್ಮೆ ಯೋಚಿಸಲು ತಿಳಿಸಿದರು. ಮಕ್ಕಳ ಉತ್ತರವು ಬದಲಾಗಲಿಲ್ಲ. ಪೌರಧರ್ಮದ ಪಾಠವನ್ನು ಮಾತಿನಿಂದಲ್ಲ, ಬದುಕಿನ ಸಂದರ್ಭದಿಂದಲೇ ಕಲಿಸಬೇಕೆಂಬ ಅವರ ನಿಲುವಿಗೆ ಈ ಪ್ರಸಂಗವು ಉತ್ತಮ ಉದಾಹರಣೆಯಾಗಿದೆ. ಅದೇ ಜೂನ್‌ನಲ್ಲಿ ಕಟ್ಟಡವು ಸೈನಿಕ ಆಸ್ಪತ್ರೆಗೆ ಬೇಕಾದುದರಿಂದ ಈ ಸಂಸ್ಥೆಯೂ ಮುಚ್ಚಿತು.

ಬುರ್ಗ್‌ಡಾರ್ಫ್‌ನಲ್ಲಿ ಪೋಷಕರ ವಿರೋಧ

ಅನಂತರ ಅವರು ಬುರ್ಗ್‌ಡಾರ್ಫ್ ಪಟ್ಟಣದಲ್ಲಿ ಸಾಮಾನ್ಯ ಶಿಕ್ಷಕರಾಗಿ ಸೇರಿದರು. ಅಲ್ಲಿನ ಶಾಲೆಯನ್ನು ಚಮ್ಮಾರ ವೃತ್ತಿಯವರೊಬ್ಬರು ನಡೆಸುತ್ತಿದ್ದರು. ಪುಸ್ತಕವಿಲ್ಲದ ಹೊಸ ಬೋಧನೆಯ ಪ್ರಯೋಗವು ತಮ್ಮ ಮಕ್ಕಳ ಮೇಲೆ ಬೇಡವೆಂದು ಪೋಷಕರು ಆಕ್ಷೇಪಿಸಿದರು. ಅವರನ್ನು ಮತ್ತೊಂದು ಶಾಲೆಯ ಚಿಕ್ಕ ಮಕ್ಕಳ ತರಗತಿಗೆ ಕಳುಹಿಸಲಾಯಿತು. ಕೊಠಡಿಯ ಗೋಡೆಗೆ ಅಂಟಿಸಿದ್ದ ಹಳೆಯ ಕಾಗದದ ತೂತುಗಳನ್ನೇ ತೋರಿಸಿ, ಅವುಗಳ ಸಂಖ್ಯೆ, ಆಕಾರ ಮತ್ತು ಸ್ಥಾನವನ್ನು ಮಕ್ಕಳಿಂದ ಹೇಳಿಸುತ್ತಿದ್ದರು. 1800ರ ಮಾರ್ಚ್‌ನಲ್ಲಿ ಶಾಲಾ ಸಮಿತಿಯು ಮಕ್ಕಳನ್ನು ಪರೀಕ್ಷಿಸಿ, ಅವರ ಪ್ರಗತಿಯನ್ನು ಮೆಚ್ಚಿ ವರದಿ ನೀಡಿತು. 1801ರಲ್ಲಿ ಅವರ ಬೋಧನಾ ತತ್ವಗಳನ್ನು ವಿವರಿಸುವ 'ಗೆರ್ಟ್ರೂಡ್ ತನ್ನ ಮಕ್ಕಳಿಗೆ ಹೇಗೆ ಕಲಿಸುತ್ತಾಳೆ' ಎಂಬ ಕೃತಿ ಪ್ರಕಟವಾಯಿತು. ಆದರೆ ಭೂಗೋಳದ ಹೆಸರುಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿಸುವ ಕ್ರಮವು ಆ ಅವಧಿಯಲ್ಲಿ ಅವರ ಶಾಲೆಯಲ್ಲಿಯೂ ಇತ್ತೆಂಬುದು ಗಮನಾರ್ಹ.

ಇವರ್ಡನ್: ಕಣಿವೆಯಿಂದ ನಕ್ಷೆಗೆ

1805ರಿಂದ ಅವರ ಕಾರ್ಯಕ್ಷೇತ್ರವು ಇವರ್ಡನ್ ಪಟ್ಟಣದ ಕೋಟೆಯಾಯಿತು. ಅಲ್ಲಿ ಭೂಗೋಳದ ಬೋಧನೆಯು ಹೊಸ ರೂಪ ಪಡೆಯಿತು. ಮಕ್ಕಳನ್ನು ಮೊದಲು ಬ್ಯೂರಾನ್ ಹೊಳೆ ಹರಿಯುವ ಸಮೀಪದ ಕಣಿವೆಗೆ ಕರೆದೊಯ್ಯಲಾಗುತ್ತಿತ್ತು. ಕಣಿವೆಯನ್ನು ಮೊದಲು ಒಟ್ಟಾಗಿ, ಅನಂತರ ಭಾಗ ಭಾಗವಾಗಿ ನೋಡಿದ ಮಕ್ಕಳು ಅಲ್ಲಿಯ ಜೇಡಿಮಣ್ಣನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಶಾಲೆಗೆ ಮರಳುತ್ತಿದ್ದರು. ಉದ್ದನೆಯ ಮೇಜುಗಳ ಮೇಲೆ ಪ್ರತಿಯೊಬ್ಬರೂ ತಮ್ಮ ಪಾಲಿನ ಭಾಗವನ್ನು ಮಣ್ಣಿನಲ್ಲಿ ರಚಿಸುತ್ತಿದ್ದರು. ಮರೆತದ್ದನ್ನು ನೋಡಿಕೊಳ್ಳಲು ಮತ್ತೆ ಕಣಿವೆಗೆ ಹೋಗುತ್ತಿದ್ದರು. ಮಾದರಿಯು ಪೂರ್ಣಗೊಂಡ ನಂತರವೇ ನಕ್ಷೆಯನ್ನು ತೋರಿಸಲಾಗುತ್ತಿತ್ತು. ಆ ವೇಳೆಗೆ ನಕ್ಷೆಯ ಗೆರೆಗಳನ್ನು ಓದಲು ಮಕ್ಕಳು ಶಕ್ತರಾಗಿರುತ್ತಿದ್ದರು. ಈ ವಿವರವನ್ನು ಬರೆದಿಟ್ಟ ಲೂಯಿ ವುಲ್ಯೆಮಿನ್ ಅವರು ಬಾಲ್ಯದಲ್ಲಿ ಅಲ್ಲಿ ಕಲಿತು, ಮುಂದೆ ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಇತಿಹಾಸಕಾರರಾದರು.

ಪೆಸ್ಟಾಲಜಿಯವರ ಸಹಶಿಕ್ಷಕರಾದ ಟೋಬ್ಲರ್ ಅವರು ಈ ಕ್ರಮವನ್ನು ಬೆಳೆಸಿದರು. ಹೆನ್ನಿಂಗ್ ಅವರು 1812ರಲ್ಲಿ ಶಿಕ್ಷಕರಿಗಾಗಿ ಭೂಗೋಳ ಬೋಧನೆಯ ಕೈಪಿಡಿಯನ್ನು ಪ್ರಕಟಿಸಿದರು. 1807ರಲ್ಲಿ ಇವರ್ಡನ್‌ಗೆ ಭೇಟಿ ನೀಡಿದ ಕಾರ್ಲ್ ರಿಟ್ಟರ್ ಅವರು ಮುಂದೆ ಆಧುನಿಕ ಭೂಗೋಳಶಾಸ್ತ್ರದ ಸಂಸ್ಥಾಪಕರಲ್ಲಿ ಒಬ್ಬರೆನಿಸಿದರು. ಪೆಸ್ಟಾಲಜಿಯವರಿಗೆ ಭೂಗೋಳದಲ್ಲಿ ಪಾಂಡಿತ್ಯವಿರಲಿಲ್ಲವಾದರೂ ತಮ್ಮ ಪದ್ಧತಿಯ ಮೂಲವು ಅವರಲ್ಲಿಯೇ ಇದೆಯೆಂದು ರಿಟ್ಟರ್ ಒಪ್ಪಿಕೊಂಡಿದ್ದಾರೆ. ಶಿಶುವಿಹಾರ ಪದ್ಧತಿಯ ಜನಕ ಫ್ರೊಬೆಲ್ ಅವರು 1808ರಿಂದ 1810ರವರೆಗೆ ಇಲ್ಲಿಯೇ ಇದ್ದರು.

ಅಂತಿಮ ದಿನಗಳು

ಸಹಶಿಕ್ಷಕರ ಒಳಜಗಳ ಮತ್ತು ಸಾಲದ ಹೊರೆಯಿಂದ ಇವರ್ಡನ್ ಸಂಸ್ಥೆಯೂ 1825ರಲ್ಲಿ ಮುಚ್ಚಿತು. ಪತ್ನಿಯು 1815ರಲ್ಲಿಯೇ ನಿಧನರಾಗಿದ್ದರು. ಏಕೈಕ ಪುತ್ರನು ಅದಕ್ಕೂ ಮೊದಲೇ, 1801ರಲ್ಲಿ ತೀರಿಕೊಂಡಿದ್ದನು. ಪೆಸ್ಟಾಲಜಿಯವರು ನಾಯ್‌ಹೋಫ್‌ಗೆ ಮರಳಿ, 1827ರ ಫೆಬ್ರವರಿ 17ರಂದು ಬ್ರುಗ್ ಪಟ್ಟಣದಲ್ಲಿ ಕೊನೆಯುಸಿರೆಳೆದರು. ಬಿರ್ ಗ್ರಾಮದ ಶಾಲೆಯ ಪಕ್ಕದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಉಪಸಂಹಾರ

ಪೆಸ್ಟಾಲಜಿಯವರು ನಡೆಸಿದ ಯಾವ ಸಂಸ್ಥೆಯೂ ಅವರ ಕಾಲಾನಂತರ ಉಳಿಯಲಿಲ್ಲ. ಆದರೆ ಸಮೀಪದಿಂದ ದೂರಕ್ಕೆ, ತಿಳಿದದ್ದರಿಂದ ತಿಳಿಯದುದಕ್ಕೆ ಸಾಗಬೇಕೆಂಬ ಅವರ ಕ್ರಮವು ಉಳಿಯಿತು. ನಮ್ಮ ರಾಜ್ಯದ ಶಿಕ್ಷಕ ತರಬೇತಿಯಲ್ಲಿ ಪ್ರಶಿಕ್ಷಣಾರ್ಥಿಗಳು ಈ ಸೂತ್ರಗಳನ್ನು ಅಭ್ಯಸಿಸುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ 3ರಿಂದ 5ನೇ ತರಗತಿಯವರೆಗೆ ಸಮಾಜ ಮತ್ತು ವಿಜ್ಞಾನ ವಿಷಯಗಳನ್ನು ಬೇರ್ಪಡಿಸದೆ, ಪರಿಸರ ಅಧ್ಯಯನವಾಗಿ ಬೋಧಿಸಲು ಶಿಫಾರಸು ಮಾಡಿತು.

ಇದಕ್ಕೆ ಪೋಷಕರ ಸಹಕಾರವೂ ಅವಶ್ಯಕ. ಮನೆಯಿಂದ ಶಾಲೆಗೆ ಹೋಗುವ ದಾರಿಯನ್ನು ಮಗುವಿನಿಂದ ಬರೆಯಿಸುವುದು, ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆಂದು ಜೊತೆಯಲ್ಲಿ ನಡೆದು ನೋಡುವುದು, ಗ್ರಾಮ ಪಂಚಾಯಿತಿ ಕಚೇರಿಗೆ ಹೋಗುವಾಗ ಮಗುವನ್ನೂ ಕರೆದೊಯ್ಯುವುದು ಇವು ಖರ್ಚಿಲ್ಲದ ಪಾಠಗಳು. ತರಗತಿಯ ಸಮಯದಲ್ಲಿ ಶಿಕ್ಷಕರು ಮಕ್ಕಳನ್ನು ಹೊರಗೆ ಕರೆದೊಯ್ದರೆ ಪಾಠವು ನಿಂತಿತೆಂದು ಪೋಷಕರು ಭಾವಿಸಬೇಕಾಗಿಲ್ಲ. ಎಳೆಯ ಮಕ್ಕಳ ಸಮಾಜ ಪಾಠವು ಅಲ್ಲಿಂದಲೇ ಆರಂಭವಾಗುತ್ತದೆ.