ನಿಕಿತಾ ಕ್ರುಶ್ಚೇವ್

ನಿಕಿತಾ ಸೆರ್ಗೆಯೆವಿಚ್ ಕ್ರುಶ್ಚೇವ್ (ಏಪ್ರಿಲ್ 15, 1894 – ಸೆಪ್ಟೆಂಬರ್ 11, 1971) 1953ರಿಂದ 1964ರವರೆಗೆ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಮೊದಲ ಕಾರ್ಯದರ್ಶಿಯಾಗಿದ್ದವರು. ರಷ್ಯಾದ ಕಲಿನೊವ್ಕಾ ಗ್ರಾಮದ ಬಡ ರೈತ ಕುಟುಂಬದಲ್ಲಿ ಜನಿಸಿ, ಹದಿಹರೆಯದಲ್ಲೇ ಡೊನ್‌ಬಾಸ್ ಗಣಿ ಪ್ರದೇಶದಲ್ಲಿ ಫಿಟ್ಟರ್ ಆಗಿ ದುಡಿದರು.

ಕ್ಯೂಬಾ ಬಿಕ್ಕಟ್ಟಿನಿಂದ ಅವರು ಲೋಕಕ್ಕೆಲ್ಲ ಪರಿಚಿತರು. ಆದರೆ ಜನಸಾಮಾನ್ಯರ ಬದುಕನ್ನು ಹೆಚ್ಚು ಬದಲಿಸಿದ್ದು ಅವರ ವಸತಿ ನೀತಿಯೇ ಎನ್ನಬೇಕು. ಆಗ ನಗರಗಳಲ್ಲಿ ಹಲವು ಕುಟುಂಬಗಳು ಒಂದೇ ಮನೆಯ ಕೋಣೆಗಳನ್ನು ಹಂಚಿಕೊಂಡು, ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಳ್ಳುತ್ತಿದ್ದವು. 1957ರ ಸರ್ಕಾರಿ ನಿರ್ಣಯದ ನಂತರ, ಕಾರ್ಖಾನೆಯಲ್ಲಿ ತಯಾರಾದ ಕಾಂಕ್ರೀಟ್ ಫಲಕಗಳನ್ನು ಜೋಡಿಸಿ, ಲಿಫ್ಟ್ ಇಲ್ಲದ ಐದಂತಸ್ತಿನ ಕಟ್ಟಡಗಳನ್ನು ಸಾಲುಸಾಲಾಗಿ ಎಬ್ಬಿಸಲಾಯಿತು. ಅಡುಗೆಮನೆ ಇಕ್ಕಟ್ಟು, ಚಾವಣಿ ತಗ್ಗು. ಆದರೂ ಒಂದು ಕುಟುಂಬಕ್ಕೆ ಒಂದು ಬಾಗಿಲು. ಕೊಳೆಗೇರಿ ಎಂಬರ್ಥದ ರಷ್ಯನ್ ಪದಕ್ಕೆ ಅವರ ಹೆಸರನ್ನು ಬೆಸೆದು ಜನರು ಇವನ್ನು ‘ಕ್ರುಶ್ಚೋಬಾ’ ಎಂದು ಅಣಕಿಸಿದ್ದೂ ಉಂಟು.

1964ರಲ್ಲಿ ಪದಚ್ಯುತರಾದ ಕ್ರುಶ್ಚೇವ್ ಮಾಸ್ಕೋದಲ್ಲಿ ನಿಧನರಾದರು. ಸೋವಿಯತ್ ವ್ಯವಸ್ಥೆ ಕುಸಿಯುತ್ತಿದ್ದಾಗ ಬಂದ 1991ರ ಖಾಸಗೀಕರಣ ಕಾನೂನಿನಿಂದ ರಷ್ಯಾದ ನಿವಾಸಿಗಳು ಈ ಮನೆಗಳ ಒಡೆಯರಾಗತೊಡಗಿದರು. ಆ ಒಡೆತನ ಎಷ್ಟು ಗಟ್ಟಿ ಎಂಬ ಪ್ರಶ್ನೆ 2017ರಲ್ಲಿ ಎದ್ದಿತು. ಮಾಸ್ಕೋ ನಗರಾಡಳಿತ, ಬಹುಪಾಲು ಇಂಥವೇ ಆದ 5,000ಕ್ಕೂ ಹೆಚ್ಚು ಹಳೆಯ ಕಟ್ಟಡಗಳನ್ನು ಕೆಡವಲು ಯೋಜಿಸಿತು. ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಉಳಿದವರೂ ಮನೆ ಬಿಡಬೇಕಿತ್ತು. ಹೊಸ ಮನೆ ಸಿಗುವುದೆಂದು ಹಿಗ್ಗಿದವರಿದ್ದರು. ವಿರೋಧಿಸಿ ಸಾವಿರಾರು ಜನರು ಬೀದಿಗೂ ಇಳಿದರು.